ಕರಿಕಾಳು

"ಮೂದೇವಿ, ಕೈಗೇನ್ ಲಕ್ವ ಹೊಡ್ದದಾ? ಚೀಲದ ಬಾಯಿ ಬಿಗಿಯಾಗಿ ಹಿಡ್ಕೊ. ನೀ ಚೆಲ್ತಿರೋದು ನಿಮ್ಮಪ್ಪನ ಮನೆ ಒಲೆ ಬೂದಿ ಅಲ್ಲ."

ಮೇಸ್ತ್ರಿ ರಿಗೊಬೆರ್ತೊ ಬೈದದ್ದು ನನ್ನ ತಂಗಿ ನೆಲಿದಾಳಿಗೆ. ಅವಳಿಗೆ ಐದು ತಿಂಗಳು. ಹೊಟ್ಟೆ ಅಡ್ಡ ಬರುತ್ತಿದ್ದುದರಿಂದ ಚೀಲವನ್ನು ಓರೆಯಾಗಿ ಹಿಡಿಯುತ್ತಿದ್ದಳು. ಹಾಗೆ ಹಿಡಿದಾಗೆಲ್ಲ ಮಸಿ ಮೇಲೆದ್ದು ಅವಳ ರೆಪ್ಪೆಯ ಮೇಲೆ ಕೂರುತ್ತಿತ್ತು. ರಿಗೊಬೆರ್ತೊ ಮೆಕ್ಸಿಕೊದ ನಮ್ಮ ವಾಹಾಕಾ ಬೆಟ್ಟದವನೇ, ಪಕ್ಕದೂರಿನವನು. ಅಮೆರಿಕದ ಓಹಾಯೊದ ಈ ಕಾರ್ಖಾನೆಯಲ್ಲಿ ಮೇಸ್ತ್ರಿಯಾದ ಮೇಲೆ ಊರಿನ ಜಪೊಟೆಕ್ ಭಾಷೆಯನ್ನು ಬೈಯುವುದಕ್ಕೆ ಮಾತ್ರ ಉಳಿಸಿಕೊಂಡಿದ್ದಾನೆ.

ನಾವು ಮಸಿ ಅನ್ನುವುದಕ್ಕೆ ಗೋಡೆಯ ಮೇಲಿನ ಫಲಕ ನ್ಯಾನೊ ಪುಡಿ ಅನ್ನುತ್ತದೆ. ಒಂದು ಚಮಚ ಬೆರೆಸಿದರೆ ವಿಮಾನದ ರೆಕ್ಕೆ ಹಗುರ, ಕಾರಿನ ಬ್ಯಾಟರಿ ಗಟ್ಟಿ. ಒಂದು ಕೂದಲನ್ನು ಸಾವಿರಾರು ಸೀಳು ಮಾಡಿದರೆ ಇದರ ಒಂದು ಎಳೆಯಂತೆ. ಇರಲಿ, ವಿಮಾನ ಹಾರಲಿ, ನನ್ನದೇನೂ ತಕರಾರಿಲ್ಲ. ಆದರೆ ನಮಗೆ ಕೊಡುವುದು ವಾರಕ್ಕೊಂದು ಕಾಗದದ ಮಾಸ್ಕ್. ಗಾಳಿ ಸೋಸಿಕೊಡುವ ಯಂತ್ರದ ಮುಸುಕುಗಳು ಚೀಲದ ಕೋಣೆಯ ಬಾಗಿಲಲ್ಲಿ ಎರಡೇ ಎರಡು ನೇತಾಡುತ್ತವೆ. ಅವು ನೋಡಲು ಬರುವ ದೊಡ್ಡವರಿಗೆ.

ವರ್ಷಕ್ಕೊಮ್ಮೆ ಗಾಳಿ ಅಳೆಯುತ್ತಾರೆ. ನಮ್ಮಲ್ಲಿ ಒಬ್ಬರ ಸೊಂಟಕ್ಕೆ ಸಣ್ಣ ಪಂಪು ಕಟ್ಟಿ, ಕಾಲರಿಗೆ ಮಸಿ ಹಿಡಿಯುವ ಬಿಳಿ ಬಿಲ್ಲೆ ಸಿಕ್ಕಿಸುತ್ತಾರೆ. ಕಟ್ಟಿಸಿಕೊಂಡವರನ್ನು ರಿಗೊಬೆರ್ತೊ ಸೀದಾ ಮಸಿ ಸುಳಿಯದ ಲೇಬಲ್ ಕೋಣೆಗೆ ಕಳಿಸುತ್ತಾನೆ. ಅಲ್ಲಿ ಎಂಟು ಗಂಟೆ ಕುರ್ಚಿ, ಕಿಟಕಿ, ತಣ್ಣನೆಯ ಸೋಡ. ಆ ಕುರ್ಚಿಗಾಗಿ ನಾವು ಜಗಳವಾಡಿದ್ದೇವೆ. ಕೊನೆಗೆ ನಾವೇ ಒಂದು ಪದ್ಧತಿ ಮಾಡಿಕೊಂಡೆವು: ಟೋಪಿಯಲ್ಲಿ ಎಂಟು ಬಿಳಿ ಕಾಳು, ಒಂದು ಕರಿಕಾಳು. ಕರಿದು ಸಿಕ್ಕವರಿಗೆ ಹಬ್ಬ. ಮುಂದಿನ ಸಲದವರೆಗೆ ಕಾಳು ಅವರ ಜೇಬಿನಲ್ಲೇ ಇರಬೇಕು. ನನ್ನ ಗಂಡ ಯೂಸೆಬಿಯೊಗೆ ಎರಡು ಸಲ ಸಿಕ್ಕಿತ್ತು, ಕುಡಿದು ಕುಣಿದಿದ್ದ. ಈಗ ಮನೆಯಲ್ಲಿ ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಾನೆ. ಮಲಗಿದರೆ ಉಸಿರು ಸಿಗುವುದಿಲ್ಲ.

ಈ ವರ್ಷ ಕರಿಕಾಳು ನನಗೆ ಬಂತು.

ಗಾಳಿ ಅಳೆಯುವವಳ ಹೆಸರು ಮಾರ್ಲೀಸ್. ಪಂಪು ಕಟ್ಟುತ್ತಾ ಶಾಲೆಯಲ್ಲಿ ಕಲಿತ ಸ್ಪ್ಯಾನಿಷ್‌ನಲ್ಲಿ ಮಾತಾಡಿಸಿದಳು.

"ನೀವು ಪುಣ್ಯವಂತರು, ಒತೀಲಿಯಾ ಅವರೇ. ನಾಲ್ಕು ವರ್ಷದಿಂದ ನಿಮ್ಮಲ್ಲಿಯ ಗಾಳಿ ಬಹಳ ಶುದ್ಧವಾಗಿದೆ. ಹಾಗಾಗಿಯೇ ಎಲ್ಲರಿಗೂ ಮುಸುಕು ಕೊಡಿ ಎಂದು ನಾವು ಬರೆಯಲಿಲ್ಲ."

ನಾಲ್ಕು ವರ್ಷ, ನಾಲ್ಕು ಸಲ ಕರಿಕಾಳು, ನಾಲ್ಕು ಸಲವೂ ಲೇಬಲ್ ಕೋಣೆಯ ಗಾಳಿ. ನಮ್ಮ ಕಣ್ಣಿಗೆ ನಾವೇ ಮಣ್ಣು ಎರಚಿಕೊಂಡಿದ್ದೆವು. ನನಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಮರಗಟ್ಟಿದ ಕಾಲನ್ನು ಚಿವುಟಿದ ಹಾಗಿತ್ತು. ನೋಯಬೇಕು ಎಂದು ಗೊತ್ತಿತ್ತು, ಅಷ್ಟೆ.

ಮಾರ್ಲೀಸ್ ಆಫೀಸಿಗೆ ಹೋದಳು. ರಿಗೊಬೆರ್ತೊ ಹೊರಗೆ ಲಾರಿ ತುಂಬಿಸುತ್ತಿದ್ದ. ನಾನು ಲೇಬಲ್ ಕೋಣೆಯನ್ನು ದಾಟಿ ಹೋಗಿ ನೆಲಿದಾಳ ಪಕ್ಕದಲ್ಲಿ ನಿಂತು ಚೀಲ ಹಿಡಿದೆ. ಅವಳು ನನ್ನ ಕಾಲರಿನ ಬಿಲ್ಲೆ ನೋಡಿ, ಸರಿದು ಜಾಗ ಬಿಟ್ಟಳು.

ಸಾಯಂಕಾಲ ನಾಲ್ಕಕ್ಕೆ ಮಾರ್ಲೀಸ್ ಚೀಲದ ಕೋಣೆಯ ಬಾಗಿಲಿಗೆ ಬಂದಾಗ ಬಿಲ್ಲೆ ಕಪ್ಪಾಗಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, ಇದು ಲೆಕ್ಕಕ್ಕೆ ಬರುವುದಿಲ್ಲ ಅಂದಳು. ಅತಿಯಾಗಿ ಕೂತಿದೆಯಂತೆ, ಎಣಿಸಲಾಗುವುದಿಲ್ಲವಂತೆ, ನಿಯಮವೇ ಹಾಗಂತೆ. ನಾಳೆ ಮತ್ತೆ ಅಳೆಯಬೇಕು. ಗಂಟೆಗೊಂದು ಬಿಲ್ಲೆ ಬದಲಿಸಿದರೆ ಎಣಿಸಬಹುದು.

ರಿಗೊಬೆರ್ತೊ ಅವಳಿಗೆ ಕಾಣುವ ಹಾಗೆ ನಕ್ಕ. ಆ ನಗುವನ್ನು ಇಟ್ಟುಕೊಂಡೇ ನನಗೆ ಜಪೊಟೆಕ್‌ನಲ್ಲಿ ಹೇಳಿದ: "ಹಲ್ಕಾ ಮುಂಡೆ, ಉಂಡ ಮನೆಗೆ ಎರಡು ಬಗೀತಿಯಾ? ನಾಳಿಂದ ನೀ ಈ ಕಡೆ ತಲೆ ಹಾಕ್ಬ್ಯಾಡ. ಕಾಳು ಹಾಕು ಟೋಪಿಗೆ. ಈ ಸಲ ಕರೀದು ಬಂದೋರ್ನ ಕುರ್ಚಿಗೆ ಕಟ್ಟಾಕೇ ಕೂರುಸ್ತೀನಿ."

ಬಿಳಿ ಕಾಳುಗಳಿದ್ದ ಟೋಪಿಯನ್ನು ಚಾಚಿದ. ನಾನು ಜೇಬಿನಿಂದ ಕರಿಕಾಳು ತೆಗೆದು ಬಾಯಿಗೆ ಹಾಕಿಕೊಂಡೆ. ಅವನು ಆಗಲೇ ಉಳಿದವರ ಕಡೆ ತಿರುಗಿದ್ದ. ಒಬ್ಬೊಬ್ಬರಾಗಿ ಟೋಪಿಗೆ ಕೈ ಹಾಕಿ ಅಂಗೈ ಬಿಚ್ಚಿದರು. ಎಂಟು ಅಂಗೈ, ಎಂಟರಲ್ಲೂ ಬಿಳಿ.

"ಕರೀದೆಲ್ಲಮ್ಮೀ?"

ಒಣಕಾಳು, ಹಲ್ಲಿಗೆ ಜಗ್ಗಲಿಲ್ಲ. ಇಡಿಯಾಗಿ ನುಂಗಿದೆ.

"ತಿಂದೆ," ಅಂದೆ.

ನಾಳೆ ಯಾರಿಗೆ ಕಟ್ಟಲಿ ಎಂದು ಮಾರ್ಲೀಸ್ ಪಂಪು ಹಿಡಿದುಕೊಂಡು ಕೇಳಿದಳು. ನೆಲಿದಾ ಬಿಳಿ ಕಾಳನ್ನು ನೆಲಕ್ಕೆ ಬಿಟ್ಟು, ಹೊಟ್ಟೆ ಹೊತ್ತು ಮುಂದೆ ಬಂದು ಸ್ಪ್ಯಾನಿಷ್‌ನಲ್ಲೇ ಹೇಳಿದಳು.

"ನಂಗೆ ಕಟ್ರವ್ವ. ನಾ ಚೀಲದ ತಾವೇ ನಿಂತಿರ್ತೀನಿ. ಗಂಟೆಗೊಂದ್ಸಲ ಬಿಲ್ಲೆ ಬದ್ಲಾಯ್ಸಬೇಕಲ್ಲ, ನೀವೂ ನನ್ ಪಕ್ಕದಾಗೇ ನಿಂತ್ಕಳಿ."

ಮಾರ್ಲೀಸ್ ಆಗಲಿ ಅಂದಳು. ಅನ್ನುವಾಗಲೇ ಅವಳ ಕೈ ತಾನಾಗಿ ಬಾಗಿಲಲ್ಲಿ ನೇತಾಡುತ್ತಿದ್ದ ಮುಸುಕಿನ ಕಡೆಗೆ ಹೋಯಿತು.