ಎರಡನೆಯ ಅಭಿಪ್ರಾಯ

ಮೈದಾಹಿಟ್ಟಿನ ಅಂಟು ಗಂಟು ಕಟ್ಟದಂತೆ ತಂಗಿ ಸೌಟಾಡಿಸುತ್ತಲೇ ಇದ್ದಳು. ನಡುಮನೆಯಲ್ಲಿ ಅಣ್ಣನ ಹೆಣ ಮಲಗಿತ್ತು.

"ಇವತ್ತೂ ಅಂಟು ಕಾಯಿಸ್ತಿದೀಯಲ್ಲೇ," ಎಂದಳು ಅತ್ತಿಗೆ, ಬಾಗಿಲಿಗೆ ಒರಗಿ. "ಬಂದವರು ಏನಂದ್ಕೊಂಡಾರು?"

"ಕೈ ಸುಮ್ಮನಿದ್ರೆ ಅಳು ಬರುತ್ತೆ ಅತ್ತಿಗೆ. ವಿಳಾಸದ ಚೀಟಿ ಅಂಟಿಸೋದು ಹಾಗೇ ಉಳಿದಿದೆ."

"ಇವತ್ತು ಅಳದೆ ಇನ್ಯಾವತ್ತು ಅಳ್ತೀಯೇ?"

ದ್ರವಗಳು ಹರಿಯುವ ಬಗೆಯನ್ನು ಲೆಕ್ಕ ಹಾಕುವ ವಿದ್ವಾಂಸರಿಗಾಗಿ ಅಣ್ಣ ಈ ಮನೆಯ ಮುಂದಿನ ಕೋಣೆಯಿಂದ ಒಂದು ತ್ರೈಮಾಸಿಕ ಹೊರಡಿಸುತ್ತಿದ್ದ. ಅವನು ಸಂಪಾದಕ; ಟೈಪು, ಅಂಟು, ಅಂಚೆ ಎಲ್ಲ ತಂಗಿಯದು. ನಲ್ಲಿಯಲ್ಲಿ ನೀರು ಬಾರದ ದಿನ ಬೀದಿಯವರು ಇದು ನೀರಿನ ಕಚೇರಿಯೆಂದುಕೊಂಡು ಇಲ್ಲಿಗೇ ಬಂದು ಜಗಳ ತೆಗೆಯುತ್ತಿದ್ದರು. ಅಣ್ಣ ಅವರನ್ನು ಕೂರಿಸಿ, ಕೊಳವೆಯಲ್ಲಿ ನೀರಿನ ವೇಗ ಯಾಕೆ ತಗ್ಗುತ್ತದೆಂದು ವಿವರಿಸುತ್ತಿದ್ದ. ಎರಡನೆಯ ಸಲ ಯಾರೂ ಬರುತ್ತಿರಲಿಲ್ಲ.

ಅಚ್ಚುಕೂಟದವನು ಹೂವಿಟ್ಟು ಅಡುಗೆಮನೆಗೆ ಬಂದ. "ಅಕ್ಕಾ, ಈಗ ಕೇಳಬಾರದು. ಇದೇ ಕೊನೇ ಸಂಚಿಕೆ ಅಂತೀರಿ. ಆ ಖಾಲಿ ಪುಟಗಳಿಗೆ ಏನು ಹಾಕ್ಲಿ?"

"ನಾಳೆವರೆಗೂ ಬಿಡಪ್ಪ."

ಆ ಪುಟಗಳು ಒಂದೇ ಒಂದು ಲೇಖನಕ್ಕಾಗಿ ಕಾದಿದ್ದವು.

*

ಲೇಖನ ಬಂದ ಕೂಡಲೇ ಬರೆದವರ ಹೆಸರಿನ ಮೇಲೆ ಕಾಗದದ ಪಟ್ಟಿ ಅಂಟಿಸುವುದು ತಂಗಿಯ ಕೆಲಸ. ಮುಲಾಜು ಬೇಡವೆಂದು ಅಣ್ಣನೂ ಹೆಸರು ನೋಡುತ್ತಿರಲಿಲ್ಲ. ಇಬ್ಬರು ತಜ್ಞರು ಓದಿ ಅಂಚೆಯಲ್ಲಿ ಅಭಿಪ್ರಾಯ ಕಳಿಸಬೇಕು. ಇಬ್ಬರೂ ಯೋಗ್ಯವೆಂದರೆ ಮಾತ್ರ ಅಚ್ಚು.

ಮೆತ್ತನೆಯ ಕೊಳವೆಗಳಲ್ಲಿ ದ್ರವ ಹರಿಯುವುದರ ಬಗೆಗಿನ ಆ ಲೇಖನ ಓದಿದ ದಿನ ಅಣ್ಣ ಊಟ ಮರೆತಿದ್ದ. ಒಬ್ಬರ ಒಪ್ಪಿಗೆ ಬಂತು. ಅದಾಗಿ ಎಷ್ಟೋ ತಿಂಗಳ ಮೇಲೆ, "ಇನ್ನೊಂದು ಪ್ರತಿ ಆ ಕಾಲೇಜು ಮೇಷ್ಟ್ರಿಗೆ ಕಳಿಸು. ಇದರ ಆಳ ತಿಳಿದವರು ಅವರೊಬ್ಬರೇ," ಎಂದ. ಸಂಚಿಕೆಯ ಗಡಿಬಿಡಿಯಲ್ಲಿ ತಂಗಿ ಕಳಿಸಿದಳು. ಉತ್ತರ ಬರಲೇ ಇಲ್ಲ.

"ಜ್ಞಾಪಿಸಿ ಒಂದು ಕಾಗದ ಹಾಕ್ಲಾ?"

"ಛೆ, ವಿದ್ವಾಂಸರ ಬೆನ್ನು ಹತ್ತಬಾರದು ಕಣೇ. ಓದ್ತಿರ್ತಾರೆ."

ವರ್ಷಗಳು ಉರುಳಿದವು. ಆಸ್ಪತ್ರೆಯ ಮಂಚದ ಮೇಲೂ ಅವನು ಕೇಳಿದ್ದು ಅದನ್ನೇ: "ಮೇಷ್ಟ್ರ ಕಾಗದ ಬಂತಾ?"

*

ಮಣ್ಣು ಮಾಡಿ ಬಂದವರೆಲ್ಲ ಚದುರಿದ ಮೇಲೂ ಒಬ್ಬರು ಉಳಿದಿದ್ದರು. ಅಂಗಿಯ ಕೊರಳಪಟ್ಟಿ ಸವೆದಿತ್ತು. ಹೆಸರು ಹೇಳಿಕೊಂಡಾಗ ತಿಳಿಯಿತು, ಅವರೇ ಆ ಮೇಷ್ಟ್ರು.

"ನಿಮ್ಮ ಅಭಿಪ್ರಾಯಕ್ಕೆ ಅಣ್ಣ ಕೊನೇವರೆಗೂ ಕಾದ ಸಾರ್," ಎಂದಳು ತಂಗಿ. ದನಿಯಲ್ಲಿ ಸಿಟ್ಟಿತ್ತು.

"ಆ ಲೇಖನ ನಂದೇ ಅಮ್ಮ."

"ನಿಮ್ದಾ?" ಎಂದಳು ತಂಗಿ.

"ನಂದೇ ಲೇಖನ, ಹೆಸರು ಮುಚ್ಚಿ, ಅಭಿಪ್ರಾಯ ತಿಳಿಸಿ ಅಂತ ನನಗೇ ಬಂತು. ನಿನ್ನ ಯೋಗ್ಯತೆ ನೀನೇ ನೋಡ್ಕೋ ಅಂದ ಹಾಗಾಯ್ತು. ನಾಚಿಕೆಯಾಗಿ ಸುಮ್ಮನಾದೆ. ಅಚ್ಚಾಗಿದ್ರೆ ಕೆಲಸ ಕಾಯಂ ಆಗ್ತಿತ್ತು. ಈಗ ಮನೆಪಾಠ ಹೇಳ್ಕೊಂಡಿದೀನಿ."

ಪಟ್ಟಿ ಅಂಟಿಸಿದ್ದೂ ಅವಳೇ, ವಿಳಾಸ ಟೈಪು ಮಾಡಿದ್ದೂ ಅವಳೇ. ಎರಡೂ ಒಂದೇ ಹೆಸರೆಂದು ಹೊಳೆದಿರಲಿಲ್ಲ. ಅಣ್ಣ ಇವರ ಕಾಗದಕ್ಕೆ ಕಾದ. ಇವರು ಅಣ್ಣನ ಕಾಗದಕ್ಕೆ.

"ಅಣ್ಣ ಅಲ್ಲ ಸಾರ್, ನನ್ನ ಕೈತಪ್ಪು." ಓಡಿ ಕಾಗದ, ಲಕೋಟೆ ತಂದಳು. "ಯೋಗ್ಯ ಅಂತ ಬರೀರಿ. ಪುಟ ಖಾಲಿ ಇದೆ. ಯಾರಿಗೆ ಗೊತ್ತಾಗುತ್ತೆ?"

ಮೇಷ್ಟ್ರು ಕಾಗದ ತೆಗೆದುಕೊಂಡರು. "ಹೋದ ವರ್ಷ ಬೇರೆ ಯಾರೋ ಇದೇ ಲೆಕ್ಕ ಬಿಡಿಸಿ ಅಚ್ಚು ಹಾಕಿಸಿದಾರೆ. ಈಗ ಹೊಸದು ಅಂತ ಹೇಗೆ ಬರೀಲಿ?"

"ಆಗ ಹೊಸದಾಗಿತ್ತಲ್ಲ ಸಾರ್."

"ಆಗ ಹೊಸದೇ."

ಒಂದೇ ಸಾಲು ಬರೆದರು. 'ಪ್ರಕಟಣೆಗೆ ಯೋಗ್ಯವಲ್ಲ.' ಲಕೋಟೆಯ ಮೇಲೆ ಅಣ್ಣನ ಹೆಸರು, ಇದೇ ಮನೆಯ ವಿಳಾಸ. ತಂಗಿ ಕೈ ಚಾಚಿದಳು.

"ಕೈಯಲ್ಲಿ ಕೊಡೋ ಹಾಗಿಲ್ಲವಲ್ಲಮ್ಮ. ಅಂಚೆಯಲ್ಲೇ ಬರಬೇಕು."

ಬೀದಿ ದಾಟಿ ಅಂಚೆಪೆಟ್ಟಿಗೆಗೆ ಅದನ್ನು ಹಾಕಿದರು. ಬಿತ್ತೋ ಇಲ್ಲವೋ ಎಂದು ಅದರ ಬಾಯೊಳಗೆ ಬೆರಳಾಡಿಸಿ ನೋಡಿದರು. ಬಿದ್ದಿತ್ತು.