ಸತ್ತವರನ್ನಷ್ಟೇ ಕೇಳಿದರು

ಗಂಡ ತೀರಿಕೊಂಡ ಮೇಲೆ ಸೂಗಮ್ಮ ರಾವೂರಿನ ತವರಿಗೆ ಬಂದು ಉಳಿದಳು. ಅಲ್ಲಿ ಅಪ್ಪ, ಆಮೇಲೆ ಇಬ್ಬರು ತಮ್ಮಂದಿರು ಕೆಮ್ಮಿ ಕೆಮ್ಮಿ ಸತ್ತರು. ಮೂವರೂ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆಯುತ್ತಿದ್ದವರು. ಉಳಿದವನು ಅದೇ ಖಣಿಗೆ ಹೋಗುತ್ತಿದ್ದ ಕಿರಿಯ ತಮ್ಮ ಕಾಶಪ್ಪ. ಅವನಿಗೂ ಕೆಮ್ಮು ಹತ್ತಿದಾಗ ಶಹಾಬಾದಿನ ಡಾಕ್ಟರ ಹತ್ತಿರ ಕರೆದೊಯ್ದಳು.

"ನಿಮ್ಮ ಮನಿಯಾಗ ಹಿಂಗ ಯಾರ್ಯಾರು ಸತ್ತಾರ?" ಡಾಕ್ಟರು ಕೇಳಿದರು. ಸೂಗಮ್ಮ ಮೂರು ಹೆಸರು ಹೇಳಿದಳು.

"ವಂಶದ ರೋಗ. ರಕ್ತದಾಗೇ ಅದ."

ಕಾಶಪ್ಪ ತನಗೆ ನಿಶ್ಚಯವಾಗಿದ್ದ ಭಂಕೂರಿನ ಹೆಣ್ಣಿನವರಿಗೆ ಮದುವೆ ಬೇಡವೆಂದು ಹೇಳಿ ಕಳಿಸಿದ. ಖಣಿ ಮಾತ್ರ ಬಿಡಲಿಲ್ಲ. ಕೆಮ್ಮಿನಲ್ಲಿ ಆ ಕೆಲಸ ಬೇಡವೆಂದು ಸೂಗಮ್ಮ ಕಾಲು ಹಿಡಿದು ಅತ್ತರೂ, "ರಕ್ತದಾಗಿದ್ದದ್ದು ಎಲ್ಲಿ ಹೋದ್ರೂ ಬಿಡ್ತದೇನಕ್ಕ?" ಎಂದ.

ಎರಡು ವರ್ಷ ಹೀಗೇ ಕಳೆಯಿತು. ೧೯೫೫ರ ಬೇಸಿಗೆಯಲ್ಲಿ ಪಕ್ಕದ ಮನೆಯ ಅಮೀರ್ಬೀ ಕೂಗಿಕೊಂಡಳು. ಸೂಗಮ್ಮ ಓಡಿದಳು. ಅಮೀರ್ಬೀಯ ಗಂಡ ಅಬ್ದುಲ್ ಕರೀಮ್ ಗೋಡೆಗೆ ಒರಗಿ ಉಸಿರಿಗಾಗಿ ಒದ್ದಾಡುತ್ತಿದ್ದ. ಅದೇ ಕೆಮ್ಮು. ಹದಿನೈದು ವರ್ಷ ಸೂಗಮ್ಮನ ತಮ್ಮಂದಿರ ಜೊತೆಗೇ ಕಲ್ಲು ಒಡೆದವನು. ರಕ್ತಸಂಬಂಧಿಯಲ್ಲ.

ಮರುದಿನವೇ ಸೇಡಮಿಗೆ ಹೋಗಿ ದೊಡ್ಡಪ್ಪನ ಮಗ ಖಂಡೆಪ್ಪನನ್ನು ಕರೆತಂದಳು. ತಮ್ಮನನ್ನೂ ಎಳೆದುಕೊಂಡು ಡಾಕ್ಟರ ಮುಂದೆ ನಿಂತಳು.

"ನೀವು ಸತ್ತವ್ರನ್ನ ಕೇಳಿದ್ರಿ ಸಾಹೇಬ್ರ, ಬದುಕಿದ್ದವ್ರನ್ನ ಕೇಳ್ಲಿಲ್ಲ. ಇಂವ ನಮ್ಮ ದೊಡ್ಡಪ್ಪನ ಮಗ. ನಾಕು ಮಂದಿ ಅಣ್ಣತಮ್ಮರು ಸೇಡಮದಾಗ ಅರಿವಿ ಹೊಲೀತಾರ, ಒಬ್ಬರಿಗೂ ಕೆಮ್ಮಿಲ್ಲ. ನಾನೂ ಅದೇ ಅಪ್ಪನ ಮಗಳು, ನನಗೂ ಇಲ್ಲ. ಬಾಜೂ ಮನಿ ಕರೀಮ್ ಭಾಯಿ ನಮ್ಮ ರಕ್ತ ಅಲ್ಲ, ಆದ್ರ ನಮ್ಮವ್ರ ಜೋಡಿ ಕಲ್ಲು ಒಡದಾಂವ, ಅದೇ ಕೆಮ್ಮಿಗೆ ಸಾಯ್ಲಿಕತ್ತಾನ."

ಡಾಕ್ಟರು ಕಾಶಪ್ಪನ ಎದೆಗೆ ಮತ್ತೊಮ್ಮೆ ಕಿವಿಗೊಟ್ಟರು.

"ಕಲ್ಲಿನ ಧೂಳು ಇದು. ನಾ ಅವತ್ತೇ ಕೇಳಬೇಕಾಗಿತ್ತು, ತಪ್ಪಾತು. ಖಣಿ ಬಿಡ್ರಿ. ಎದಿ ಕೆಟ್ಟದ್ದು ಮತ್ತ ಸರಿ ಆಗಂಗಿಲ್ಲ."

ಹೊರಗೆ ಬಂದು ಕಾಶಪ್ಪ ಕಟ್ಟೆಯ ಮೇಲೆ ಕುಸಿದ. "ಅಕ್ಕಾ, ಆ ಮಾತು ನಂಬಿ ಎರಡು ವರ್ಷ ಸುಮ್ಮನ ಧೂಳು ತಿಂದೆ." ಸೂಗಮ್ಮ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು.

ಮಳೆಗಾಲದಲ್ಲಿ ಕರೀಮ್ ತೀರಿಕೊಂಡ. ಭಂಕೂರಿನ ಹುಡುಗಿಗೆ ಆಗಲೇ ಬೇರೆ ಕಡೆ ಮದುವೆಯಾಗಿತ್ತು. ಕಾಶಪ್ಪ ಖಂಡೆಪ್ಪನ ಹೊಲಿಗೆ ಅಂಗಡಿ ಸೇರಿ ಅಂಗಿಗೆ ಗುಂಡಿ ಹಚ್ಚುವುದು ಕಲಿತ. ಸೇಡಮ್ ಸ್ಟೇಷನ್ನಿನಿಂದ ಅಂಗಡಿಗೆ ನಡೆಯುವಷ್ಟರಲ್ಲಿ ದಮ್ಮು ಹತ್ತಿ ಎರಡು ಸಲ ಕೂರಬೇಕಾಗುತ್ತಿತ್ತು. ರಾವೂರಿನಿಂದ ಜೊತೆಗೆ ಬರುತ್ತಿದ್ದ ಸೂಗಮ್ಮ ಪಕ್ಕದಲ್ಲಿ ನಿಂತು ಕಾಯುತ್ತಿದ್ದಳು.