ಬಿಳಿ ಅಂಗಿಯ ಕಲೆ

“ಇದನ್ನೇನು ಕೊಚ್ಚೆಯಲ್ಲಿ ಅದ್ದಿ ತಂದೆಯಾ?” ಇಸ್ತ್ರಿಯವನು ಬಿಳಿ ಅಂಗಿಯನ್ನು ಮತ್ತೆ ಹೆಂಡತಿಯತ್ತ ಎಸೆದ.

ಅವಳು ಒಗೆಯುವುದು, ಅವನು ಇಸ್ತ್ರಿ ಹಾಕುವುದು. ಮದುವೆಯಾದಂದಿನಿಂದ ಆ ಪುಟ್ಟ ಅಂಗಡಿ ನಡೆದದ್ದೇ ಹೀಗೆ. ಈಗೀಗ ಬಿಳಿ ಬಟ್ಟೆ ಬಂದರೆ ಸಾಕು, ಜಗಳ. ಎಲ್ಲದರಲ್ಲೂ ಅವನಿಗೆ ಕಪ್ಪು ಚುಕ್ಕೆ, ಜೇಡರ ಬಲೆಯಂಥ ಎಳೆ. ಪ್ಯಾಂಟಿನ ಮಡಿಕೆಯ ಗೆರೆ ಅಲೆಅಲೆಯಾಗಿ ಕಂಡರೆ ಇಸ್ತ್ರಿಪೆಟ್ಟಿಗೆಗೂ ಬೈಗುಳ ತಪ್ಪುತ್ತಿರಲಿಲ್ಲ. ಉಜ್ಜಿ ಉಜ್ಜಿ ಅವಳ ಬೆರಳುಗಳು ಬಿರಿದಿದ್ದವು.

“ರೀ, ಕಲೆ ಎಲ್ಲಿದೆ ತೋರಿಸಿ, ಅಲ್ಲೇ ಉಜ್ಜುತ್ತೀನಿ.”

“ಕಣ್ಣಿಗೆ ಹೊಡೆಯೋ ಹಾಗಿದೆ, ತೋರಿಸಬೇಕಂತೆ!”

ಅಂಗಿಯ ಒಡೆಯ ವಕೀಲ ಬಾಗಿಲಲ್ಲೇ ನಿಂತಿದ್ದ. “ಅಲ್ಲಯ್ಯಾ, ಈ ಅಂಗಿ ನಿರಪರಾಧಿ, ಬೇಕಾದ್ರೆ ವಾದ ಮಾಡ್ತೀನಿ. ಎಲ್ಲಿದೆ ಕಲೆ?”

ಇಸ್ತ್ರಿಯವನು ಬೆರಳಿಟ್ಟ. ಕಲೆ ಪಕ್ಕಕ್ಕೆ ಸರಿಯಿತು. ಅಲ್ಲಿಟ್ಟ; ಇನ್ನೂ ಆಚೆ ಹೋಯಿತು.

“ಆ ಗೋಡೆ ನೋಡು. ಅಲ್ಲೂ ಇದೆಯಾ?”

ಇತ್ತು. ಸುಣ್ಣದ ಗೋಡೆಯ ಮೇಲೂ ಅದೇ ಎಳೆ ತೇಲುತ್ತಿತ್ತು. ವಕೀಲನ ನಗು ನಿಂತಿತು.

ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ಹನಿ ಹಾಕಿ ಕಣ್ಣೊಳಗಿನ ಫೋಟೊ ತೆಗೆದರು. “ಸಕ್ಕರೆ ಕಾಯಿಲೆ ಇದೆಯಾ?”

“ಬಹಳ ವರ್ಷದಿಂದ. ಮಾತ್ರೆ ನುಂಗ್ತೀನಿ, ನೆನಪಾದಾಗ.”

“ಕಣ್ಣು ತೋರಿಸಿದ್ದು?”

“ಚೆನ್ನಾಗಿ ಕಾಣ್ತಿತ್ತಲ್ಲ ತಾಯಿ, ಯಾಕೆ ತೋರಿಸಲಿ?”

ಪರದೆಯ ಮೇಲಿನ ಚಿತ್ರದಲ್ಲಿ ಕೆಂಪು ಚುಕ್ಕೆಗಳು, ಹಳದಿ ಮಚ್ಚೆಗಳು. ಹೆಂಡತಿ ನೋಡಿದಳು, ಅವನಿಗೆ ಮಂಜಷ್ಟೇ.

“ಸಕ್ಕರೆಯಿಂದ ಕಣ್ಣಿನ ಹಿಂದಿನ ಸಣ್ಣ ರಕ್ತನಾಳಗಳು ಸೋರಿ ನಡುಭಾಗ ಊದಿದೆ, ಗೆರೆ ಸೊಟ್ಟಗೆ ಕಂಡಿದ್ದು ಅದಕ್ಕೇ. ಹೊಸದಾಗಿ ಹುಟ್ಟಿದ ಬಡಕಲು ನಾಳ ಒಡೆದು ರಕ್ತ ಒಳಗೇ ತೇಲ್ತಿದೆ. ನೀವು ಬಟ್ಟೆಯಲ್ಲಿ ನೋಡಿದ ಕಲೆ ಅದು.”

“ಹೋಗುತ್ತಾ?”

“ಲೇಸರ್, ಇಂಜೆಕ್ಷನ್ ಶುರು ಮಾಡೋಣ. ಅದು ಉಳಿದದ್ದನ್ನ ಉಳಿಸಿಕೊಳ್ಳೋಕೆ. ಬಲಗಣ್ಣಲ್ಲಿ ಹೋದ ದೃಷ್ಟಿ ವಾಪಸ್ ಬರೋದು ಕಷ್ಟ.”

“ನನ್ನ ಕೆಲಸ?”

ಡಾಕ್ಟರಮ್ಮ ಲೇಸರ್‌ಗೆ ಚೀಟಿ ಬರೆಯತೊಡಗಿದರು.

ಅವನ ಕೈ ಹೆಂಡತಿಯ ಕೈಯನ್ನು ಹುಡುಕಿತು. ಬಿರಿದ ಬೆರಳುಗಳು ಉಪ್ಪುಕಾಗದದಂತೆ ತಾಗಿದವು. ಎದ್ದು, ಕುರ್ಚಿಯನ್ನು ತಡವಿ ಅವಳತ್ತ ತಳ್ಳಿದ.

“ಇವಳಿಗೂ ಸಕ್ಕರೆ ಇದೆ, ತಾಯಿ.”

“ಅಯ್ಯೋ, ನನಗೇನಾಗಿದೆ? ಚೆನ್ನಾಗೇ ಕಾಣತ್ತೆ.”

“ಗೊತ್ತು, ಕೂತ್ಕೋ,” ಅಂದ ಅವನು. “ನನಗೂ ಕಾಣ್ತಿತ್ತು.”